ನೆಬ್ರಾಸ್ಕಾದ ಬೀಗರ ಪಹಣಿ

ಮಗಳ ಅತ್ತೆಯ ಮುತ್ತಜ್ಜನ ಜಾಡು ಹಿಡಿದು ನೆಬ್ರಾಸ್ಕಾದ ಹಳ್ಳಿಗಾಡಿಗೆ ಹೊರಟಾಗ ನಮ್ಮ ಬಳಿ ಇದ್ದ ವಿಳಾಸದಲ್ಲಿ ಊರಿಲ್ಲ, ಬೀದಿಯಿಲ್ಲ. ಆರನೇ ಟೌನ್‌ಶಿಪ್, ಮೂರನೇ ರೇಂಜ್, ಇಪ್ಪತ್ತೆರಡನೇ ಸೆಕ್ಷನ್ನಿನ ಈಶಾನ್ಯದ ಕಾಲುಭಾಗ, ಅಷ್ಟೆ. “ಇಷ್ಟು ಸಾಕು, ನೇರ ಹೊಲಕ್ಕೇ ಹೋಗಿ ನಿಲ್ಲಬಹುದು” ಎಂದರು ಬೀಗಿತ್ತಿ. ನಾನು ನಂಬಲಿಲ್ಲ.

ಲಿಂಕನ್ ನಗರದಿಂದ ನೈಋತ್ಯಕ್ಕೆ ಸಲೀನ್ ಕೌಂಟಿ. ಹೆದ್ದಾರಿ ಬಿಟ್ಟರೆ ಜಲ್ಲಿ ರಸ್ತೆ, ಮೈಲಿಗೊಂದು ಅಡ್ಡರಸ್ತೆ. ಎರಡೂ ಕಡೆ ಕಣ್ಣು ಸೋಲುವಷ್ಟು ಮೆಕ್ಕೆಜೋಳ, ಸೋಯಾ. ರಸ್ತೆಗಳು ಹಿಡಿದ ಈ ಗೆರೆಗಳು ರೈತರಿಗಿಂತ ಮೊದಲೇ ಬಂದವು! ಸರ್ವೆಯವರು ಸರಪಳಿ ಎಳೆದು, ಆರು ಮೈಲಿ ಉದ್ದ ಆರು ಮೈಲಿ ಅಗಲದ ಟೌನ್‌ಶಿಪ್ಪುಗಳನ್ನು ಗುರುತಿಸಿ, ಒಂದೊಂದನ್ನೂ 36 ಸೆಕ್ಷನ್ ಮಾಡಿದರು. ಸೆಕ್ಷನ್ನಿಗೆ 640 ಎಕರೆ, ಅದರ ಕಾಲುಭಾಗ 160. ಟೌನ್‌ಶಿಪ್ಪಿನ ಎಣಿಕೆ ಕ್ಯಾನ್ಸಸ್ ಗಡಿಯಿಂದ ಶುರು. ಆರನೆಯದೆಂದರೆ ಗಡಿಯಿಂದ 30 ಮೈಲಿ ದಾಟಿದ ಮೇಲೆ. ನಮ್ಮ ಸರ್ವೆ ನಂಬರಿನ ಗಡಿ ಹಳ್ಳ ಬಂದರೆ ಬಾಗುತ್ತದೆ, ದಾಯಾದಿ ಜಗಳ ಬಂದರೆ ಇನ್ನಷ್ಟು ಬಾಗುತ್ತದೆ. ಇಲ್ಲಿನ ಗೆರೆ ಯಾವ ಹಳ್ಳಕ್ಕೂ ಸೊಪ್ಪು ಹಾಕಿಲ್ಲ. ಅಡ್ಡರಸ್ತೆ ಎಣಿಸುತ್ತ ಹೋದೆವು, ಹೊಲ ಸಿಕ್ಕೇಬಿಟ್ಟಿತು.

1862ರಲ್ಲಿ ಅಬ್ರಹಾಂ ಲಿಂಕನ್ ಸಹಿ ಹಾಕಿದ ಹೋಮ್‌ಸ್ಟೆಡ್ ಕಾಯ್ದೆಯ ಪ್ರಕಾರ ಐದು ವರ್ಷ ಅಲ್ಲೇ ನೆಲೆಸಿ ಉತ್ತವರಿಗೆ 160 ಎಕರೆ. ಶುಲ್ಕ ಒಟ್ಟು 18 ಡಾಲರ್. ಅಮೆರಿಕದ ಪ್ರಜೆಯಾಗುವ ಇರಾದೆ ಬರೆದುಕೊಟ್ಟರೆ ಹೊರದೇಶದವರೂ ಅರ್ಜಿ ಹಾಕಬಹುದಿತ್ತು. ಹಾಗೆ ಬಂದ ಬೊಹೀಮಿಯಾದ ರೈತರಲ್ಲಿ ಈ ಮುತ್ತಜ್ಜನೂ ಒಬ್ಬ. ಕೌಂಟಿಯ ಕೇಂದ್ರ ವಿಲ್ಬರ್‌ನಲ್ಲಿ ಇಂದಿಗೂ ವರ್ಷವರ್ಷ ಚೆಕ್ ಹಬ್ಬ ನಡೆಯುತ್ತದೆ.

‘ಪುಕ್ಕಟೆ ಭೂಮಿ’ ಅನ್ನುತ್ತಾರೆ. ಪಕ್ಕದ ಗೇಜ್ ಕೌಂಟಿಯಲ್ಲಿ, ಬಿಗ್ ಬ್ಲೂ ನದಿಯ ದಂಡೆಯಲ್ಲಿ, ಓಟೊ-ಮಿಸ್ಸೂರಿಯಾ ಎಂಬ ಮೂಲನಿವಾಸಿ ಜನರಿದ್ದರು. 1881ರಲ್ಲಿ ಅವರು ಇಂದಿನ ಓಕ್ಲಹೋಮಾದ ಕಡೆಗೆ ಗಂಟುಮೂಟೆ ಕಟ್ಟಬೇಕಾಯಿತು. ಬೀಗಿತ್ತಿ ಮನೆತನದ ಪುಸ್ತಕದಲ್ಲಿ ಅದನ್ನೂ ಬರೆಯುತ್ತಾರಂತೆ. ಬರೆಯಲೇಬೇಕು.

ನನ್ನನ್ನು ನಿಜಕ್ಕೂ ಮೂಕಳನ್ನಾಗಿಸಿದ್ದು ರಾಷ್ಟ್ರೀಯ ಪತ್ರಾಗಾರದಿಂದ ತರಿಸಿದ್ದ ಈ ಹೊಲದ ಕಡತ. ಕಾರಿನ ಬಾನೆಟ್ಟಿನ ಮೇಲೆ ಹರಡಿಕೊಂಡು ಓದಿದೆವು. ಮುತ್ತಜ್ಜ ಐದು ವರ್ಷ ತುಂಬುವ ಮೊದಲೇ ತೀರಿಕೊಂಡಿದ್ದ. ಕಾಯ್ದೆ ವಿಧವೆಯ ಕೈಬಿಟ್ಟಿರಲಿಲ್ಲ. ಉಳಿದ ಅವಧಿ ಪೂರೈಸಿ ಹಕ್ಕುಪತ್ರ ಪಡೆದವಳು ಮುತ್ತಜ್ಜಿ. ನಡುವೆ 1874, ಮಿಡತೆಗಳ ಹಿಂಡು ಈ ಬಯಲಿನ ಪೈರನ್ನೆಲ್ಲ ಮೇಯ್ದು ಹೋದ ವರ್ಷ. ಅವಳ ಹೇಳಿಕೆಯಲ್ಲಿ ಅಳುವಿಲ್ಲ, ಅಳತೆಯಿದೆ: ಹುಲ್ಲುಬೇರಿನ ಮಣ್ಣುಹೆಂಟೆಯಿಂದ ಕಟ್ಟಿದ ಮನೆ ಎಷ್ಟಡಿ, ಬಾವಿ ಎಷ್ಟು ಆಳ, ಎಷ್ಟೆಕರೆ ಉತ್ತಿದೆ, ಹಣ್ಣಿನ ಗಿಡ ಎಷ್ಟು. ಸಹಿಯ ಜಾಗದಲ್ಲಿ ಒಂದು ಗುಣಾಕಾರದ ಗುರುತು. 1890ರ ಜನಗಣತಿಯ ಬಹುಪಾಲು ಹಾಳೆಗಳು 1921ರ ಬೆಂಕಿಯ ದೆಸೆಯಿಂದ ಹಾಳಾದವು. ಅಕ್ಷರ ಬಾರದ ಈ ಹೆಂಗಸಿನ ಬಾವಿಯ ಆಳ ಮಾತ್ರ ಉಳಿದಿದೆ.

ಹೇಳಿಕೆಗೆ ನೆರೆಯ ಇಬ್ಬರು ಸಾಕ್ಷಿ. ಅವರಲ್ಲಿ ಒಬ್ಬನ ಮನೆತನದ ಹೆಸರು ಮುಂದಿನ ಅಡ್ಡರಸ್ತೆಯ ಅಂಚೆಪೆಟ್ಟಿಗೆಯ ಮೇಲೆ ಕಂಡಿತು! ಬೀಗಿತ್ತಿ ಹೋಗಿ ಬಾಗಿಲು ಬಡಿದೇಬಿಟ್ಟರು. ಹೊರಬಂದ ಮುದುಕರು ಕನ್ನಡಕ ಏರಿಸಿ, ತಮ್ಮ ಮುತ್ತಜ್ಜನ ಸಹಿಯನ್ನು ನೋಡಿ ಜೋರಾಗಿ ನಕ್ಕರು. ಪೂರ್ತಿ ಓದುವ ತಾಳ್ಮೆಯೂ ಇಲ್ಲದೆ ಬೂಟು ಹುಡುಕತೊಡಗಿದರು: ಆ ಬಾವಿ ಎಲ್ಲಿತ್ತೆಂದು ತಮಗೆ ಗೊತ್ತು, ಅದಕ್ಕೆ ಚಪ್ಪಡಿ ಎಳೆಸಿದ್ದು ತಮ್ಮ ಅಪ್ಪನೇ ಅಂತೆ.