ಒಂದು ಹೆಜ್ಜೆಗೆ ಹತ್ತು ಲಕ್ಷ ವರ್ಷ

ತುಮಕೂರಿನ ನಮ್ಮ ಮನೆಯ ಬೀರುವಿನ ಬಾಗಿಲ ಒಳಬದಿಗೆ ಹಳೆಯ ಕ್ಯಾಲೆಂಡರಿನ ಒಂದು ಹಾಳೆ ಅಂಟಿಸಿದೆ. ಅಂಟಿಸಿದವಳು ನನ್ನ ಹೆಂಡತಿ. ಚಿತ್ರದಲ್ಲಿ ಒಂದು ಭಾರೀ ಕಣಿವೆ. ಅದರ ಗೋಡೆಗಳಿಗೆ ಕೆಂಪು, ಕಾವಿ, ಹಳದಿ, ನೇರಳೆ ಬಣ್ಣದ ಪಟ್ಟೆಗಳು, ಸೀರೆಯ ಅಂಚಿನ ಹಾಗೆ. "ಇದು ಯಾರೋ ಬಣ್ಣ ಬಳಿದಿರೋದು. ಕಲ್ಲು ಎಲ್ಲಾದರೂ ಹೀಗಿರುತ್ತಾ?" ಎಂದು ಅವಳು ಬೀರು ತೆಗೆದಾಗಲೆಲ್ಲ ಅನ್ನುತ್ತಿದ್ದಳು. ಮಗಳು ಅಮೆರಿಕದ ಅರಿಜೋನಾ ರಾಜ್ಯಕ್ಕೆ ಹೋಗಿ ನೆಲೆಸಿದ ಮೇಲೆ ಗೊತ್ತಾಯಿತು, ಆ ಚಿತ್ರದ ಗ್ರ್ಯಾಂಡ್ ಕ್ಯಾನಿಯನ್ ಇರುವುದು ಅದೇ ರಾಜ್ಯದಲ್ಲಿ! "ಹೋದಾಗ ನೋಡಿಯೇಬಿಡೋಣ, ಬಣ್ಣ ನಿಜವೋ ಸುಳ್ಳೋ" ಎಂದು ತೀರ್ಮಾನವಾಯಿತು.

ಆದರೆ ಮೊದಲು ಕೊರೋನಾ ಬಂತು. ಆಮೇಲೆ ಅವಳ ಕಾಯಿಲೆ. ಕೊನೆಗೆ ಕಳೆದ ವರ್ಷ ಅಕ್ಟೋಬರಿನಲ್ಲಿ ನಾನೊಬ್ಬನೇ ವಿಮಾನ ಹತ್ತಿದೆ.

ಮೊಮ್ಮಗನನ್ನು ನಾನು ಎದುರಿಗೆ ನೋಡಿ ಆರು ವರ್ಷವಾಗಿತ್ತು. ಆಗ ಅವನಿಗೆ ಐದು, ಈಗ ಹನ್ನೊಂದು. ತುಮಕೂರಿನಲ್ಲಿ ಅಜ್ಜಿಯ ಸೆರಗು ಹಿಡಿದು ಅಡುಗೆಮನೆಯೆಲ್ಲ ಸುತ್ತುತ್ತಿದ್ದ ಹುಡುಗ ಈಗ ನನ್ನ ಭುಜಕ್ಕೆ ಬರುತ್ತಿದ್ದ. ನಾನು ಕನ್ನಡದಲ್ಲಿ ನಾಲ್ಕು ಮಾತು ಕೇಳಿದರೆ ಇಂಗ್ಲಿಷಿನಲ್ಲಿ ಒಂದು ಪದ ಹೇಳುತ್ತಿದ್ದ. ಹೆಚ್ಚಾಗಿ ಆ ಪದ "ಓಕೆ". "ಅವನಿಗೆ ಕನ್ನಡ ಮರೆತೇಹೋಗಿದೆ ಅಪ್ಪ, ಬೇಜಾರು ಮಾಡ್ಕೋಬೇಡಿ" ಅಂದಳು ಮಗಳು. ಬೇಜಾರೇನಿಲ್ಲ ಅಂದೆ. ಇತ್ತು.

ಮಗಳ ಊರಾದ ಫೀನಿಕ್ಸ್‌ನಿಂದ ಕಣಿವೆಗೆ ಕಾರಿನಲ್ಲಿ ಸುಮಾರು ನಾಲ್ಕು ಗಂಟೆಯ ದಾರಿ. ಹೊರಟಾಗ ಸುತ್ತಲೂ ಮರಳುಗಾಡು. ಕೈ ಎತ್ತಿ ನಿಂತ ಮನುಷ್ಯರಂತೆ ಕಾಣುವ ಎತ್ತರದ ಕಳ್ಳಿಗಿಡಗಳು. ರಸ್ತೆ ಏರುತ್ತಾ ಹೋದಂತೆ ಕಳ್ಳಿ ಮಾಯವಾಗಿ ಪೈನ್ ಮರಗಳ ಕಾಡು ಬಂತು. ಕಣಿವೆಯ ದಕ್ಷಿಣದ ಅಂಚು ಸಮುದ್ರಮಟ್ಟದಿಂದ ಸುಮಾರು 7,000 ಅಡಿ ಎತ್ತರದಲ್ಲಿದೆ. ಸ್ವೆಟರ್ ಹಾಕಿಕೊಂಡೆ.

ಬೆಟ್ಟವಾದರೆ ದೂರದಿಂದಲೇ ಕಾಣುತ್ತದೆ. ಕಣಿವೆ ಹಾಗಲ್ಲ. ಮರಗಳ ನಡುವೆ ನಡೆಯುತ್ತಾ ಇದ್ದೆವು. ಮರಗಳು ಮುಗಿದವು, ನೆಲವೂ ಮುಗಿಯಿತು! ಮುಂದೆ ಇನ್ನೇನೂ ಇಲ್ಲ. ಕೆಳಗೆ ನೋಡಿದರೆ ಬೀರುವಿನ ಬಾಗಿಲಿನ ಚಿತ್ರ. ಬಣ್ಣ ನಿಜ ಮಾರಾಯ್ತಿ, ಎಂದು ಮನಸ್ಸಿನಲ್ಲೇ ಹೇಳಿಕೊಂಡೆ.

ಮಕ್ಕಳೇ, ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು ನಾನು. ಅಂಕಿ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಈ ಕಣಿವೆಯ ಉದ್ದ 446 ಕಿಲೋಮೀಟರ್. ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋಗುವ ದಾರಿಗಿಂತಲೂ ಉದ್ದ. ಆಳ ಒಂದೂವರೆ ಕಿಲೋಮೀಟರಿಗಿಂತ ಹೆಚ್ಚು. ನಮ್ಮ ಜೋಗದ ಜಲಪಾತದ ಎತ್ತರ 253 ಮೀಟರ್ ತಾನೇ? ಅಂಥ ಆರು ಜೋಗಗಳನ್ನು ಒಂದರ ಮೇಲೊಂದು ಇಟ್ಟರೂ ಕಣಿವೆಯ ಅಂಚು ಮುಟ್ಟುವುದಿಲ್ಲ. ಎದುರಿನ ಅಂಚು ನಾವು ನಿಂತಲ್ಲಿಂದ ಹದಿನಾರು ಕಿಲೋಮೀಟರ್ ದೂರ, ಕಣ್ಣಿಗೆ ಕಾಣುತ್ತದೆ. ಆದರೆ ಕಾರಿನಲ್ಲಿ ಅಲ್ಲಿಗೆ ಹೋಗಬೇಕಾದರೆ ಸುತ್ತಿ ಬಳಸಿ ಸುಮಾರು 345 ಕಿಲೋಮೀಟರ್! ಇಷ್ಟನ್ನೆಲ್ಲ ಕೊರೆದದ್ದು ಕೆಳಗೆ ದಾರದ ಎಳೆಯಂತೆ ಕಾಣುವ ಕೊಲೊರಾಡೊ ನದಿ. ಹೊಳೆಯ ನೀರಿನಲ್ಲಿ ಬರುವ ಮರಳು, ಕಲ್ಲು ತಳವನ್ನು ಉಜ್ಜಿ ಉಜ್ಜಿ ಇಳಿಸಿದವು. ಮಳೆ, ಹಿಮ, ಗಾಳಿ ಎರಡೂ ಬದಿಯ ಗೋಡೆಗಳನ್ನು ಕುಸಿಸಿ ಅಗಲ ಮಾಡಿದವು.

ಈ ಕಣಿವೆ ಬರಿಯ ನೋಟದ ಜಾಗವಲ್ಲ, ಜನರ ಮನೆಯೂ ಹೌದು. ಹವಾಸುಪಾಯಿ ಎಂಬ ಮೂಲನಿವಾಸಿಗಳು ನೂರಾರು ವರ್ಷಗಳಿಂದ ಇಲ್ಲಿ ಬಾಳುತ್ತಿದ್ದಾರೆ. ಆ ಹೆಸರಿಗೆ 'ನೀಲಿ-ಹಸಿರು ನೀರಿನ ಜನ' ಎಂದು ಅರ್ಥ. ಕಣಿವೆಯೊಳಗಿನ ಅವರ ಸುಪಾಯಿ ಎಂಬ ಹಳ್ಳಿಗೆ ರಸ್ತೆಯೇ ಇಲ್ಲ. ಟಪಾಲು ಇವತ್ತಿಗೂ ಹೇಸರಗತ್ತೆಯ ಬೆನ್ನ ಮೇಲೆ ಹೋಗುತ್ತದೆ! ಹೋಪಿ ಜನರಿಗೆ ಈ ಕಣಿವೆ ತಮ್ಮ ಪೂರ್ವಜರು ಈ ಲೋಕಕ್ಕೆ ಹೊರಬಂದ ಪುಣ್ಯಸ್ಥಳ.

ಮಂಡಿನೋವಿನ ನನಗೆ ಕೆಳಗಿಳಿಯುವ ಆಸೆ ಇರಲಿಲ್ಲ. ಇಳಿಯುವುದು ಸುಲಭ, ಹತ್ತುವುದು ಕಷ್ಟ. ಬೆಟ್ಟಕ್ಕೂ ಇದಕ್ಕೂ ಅದೇ ವ್ಯತ್ಯಾಸ. ಬೆಟ್ಟದಲ್ಲಿ ಕಷ್ಟ ಮೊದಲು, ಇಲ್ಲಿ ಕಷ್ಟ ಕೊನೆಗೆ. ಅದಕ್ಕೆ ಮಗಳು ಒಂದು ಉಪಾಯ ಹೇಳಿದಳು. "ಅಂಚಿನ ಮೇಲೇ ಒಂದು ಸಮತಟ್ಟು ದಾರಿ ಇದೆ ಅಪ್ಪ. 'ಕಾಲದ ದಾರಿ' ಅಂತ. ನೀವಿಬ್ಬರೂ ನಡೀತಾ ಇರಿ, ನಾವು ಕಾರು ತಗೊಂಡು ಆ ಕಡೆ ಬರ್ತೀವಿ."

ಈ ದಾರಿ 2010ರಲ್ಲಿ ಆದದ್ದು. ಯಾವಪೈ ಎಂಬಲ್ಲಿರುವ ಚಿಕ್ಕ ಭೂವಿಜ್ಞಾನ ಸಂಗ್ರಹಾಲಯದ ಹತ್ತಿರ ಶುರುವಾಗುತ್ತದೆ. ಅಲ್ಲಿ ಸೊನ್ನೆ, ಅಂದರೆ ಇವತ್ತು. ಅಲ್ಲಿಂದ ಮುಂದೆ ಪ್ರತಿ ಮೀಟರಿಗೂ ನೆಲದಲ್ಲಿ ಒಂದು ಕಂಚಿನ ಬಿಲ್ಲೆ. ಒಂದು ಮೀಟರ್ ನಡೆದರೆ ಹತ್ತು ಲಕ್ಷ ವರ್ಷ ಹಿಂದಕ್ಕೆ ಹೋದಂತೆ ಲೆಕ್ಕ. ದಾರಿಯ ಬದಿಯಲ್ಲಿ ಕಣಿವೆಯ ಒಂದೊಂದು ಪದರದ ಕಲ್ಲನ್ನೂ ತಂದು, ಅದರ ವಯಸ್ಸು ಎಲ್ಲಿ ಬರುತ್ತದೋ ಅಲ್ಲೇ ನಿಲ್ಲಿಸಿದ್ದಾರೆ. ಮುಟ್ಟಿ ನೋಡಬಹುದು.

ಲೆಕ್ಕವೆಂದ ಕೂಡಲೇ ನನಗೆ ಹುರುಪು ಬಂತು. "ಪುಟ್ಟ, ಮನುಷ್ಯರು ಭೂಮಿಗೆ ಬಂದು ಸುಮಾರು ಮೂರು ಲಕ್ಷ ವರ್ಷ. ಈ ದಾರಿಯಲ್ಲಿ ಅದು ಎಷ್ಟು ಉದ್ದ?" ಎಂದೆ. ಅವನು ಸುಮ್ಮನಿದ್ದ. ಸ್ವಲ್ಪ ದೂರ ಹೋದ ಮೇಲೆ ಎರಡು ಕೈಗಳನ್ನು ಅಷ್ಟಗಲ ಹಿಡಿದು ತೋರಿಸಿದ. ಮೂವತ್ತು ಸೆಂಟಿಮೀಟರ್. ಶಾಲೆಯ ಕಂಪಾಸು ಪೆಟ್ಟಿಗೆಯ ಜೊತೆ ಕೊಳ್ಳುವ ಸ್ಕೇಲಿನಷ್ಟು! ಸರಿಯಾಗಿತ್ತು. ಹುಡುಗನಿಗೆ ನನ್ನ ಕನ್ನಡ ಅರ್ಥವಾಗುತ್ತಿತ್ತು.

ಹಾಗಾದರೆ ನನ್ನ ವಯಸ್ಸು? ಸಾವಿರ ವರ್ಷಕ್ಕೆ ಒಂದು ಮಿಲಿಮೀಟರ್. ನನ್ನ ಎಪ್ಪತ್ತನಾಲ್ಕು ವರ್ಷ ನಮ್ಮ ಬ್ಯಾಂಕಿನ ಲೆಡ್ಜರಿನ ಒಂದು ಹಾಳೆಯಷ್ಟೂ ದಪ್ಪವಿಲ್ಲ.

ಐದಾರು ಹೆಜ್ಜೆ ಹಾಕುವಷ್ಟರಲ್ಲಿ ನದಿ ಈ ಕಣಿವೆಯನ್ನು ಕೊರೆಯತೊಡಗಿದ ಕಾಲ ಬಂತು. ಅಂದರೆ ಐವತ್ತು ಅರವತ್ತು ಲಕ್ಷ ವರ್ಷ. ಅರವತ್ತಾರನೇ ಮೀಟರಿನಲ್ಲಿ ಡೈನೋಸಾರುಗಳು ಅಳಿದವು. ಆದರೆ ಇಲ್ಲಿಯ ಗೋಡೆಗಳಲ್ಲಿ ಅವುಗಳ ಮೂಳೆ ಸಿಗುವುದಿಲ್ಲ. ಏಕೆ ಗೊತ್ತೇ? ಅಂಚಿನ ಮೇಲಿನ ಎಲ್ಲಕ್ಕಿಂತ ಎಳೆಯ ಕಲ್ಲಿಗೇ 27 ಕೋಟಿ ವರ್ಷ. ಡೈನೋಸಾರುಗಳು ಹುಟ್ಟುವುದಕ್ಕೂ ಮೊದಲಿನದು. ಅದು ಸಮುದ್ರದ ತಳದಲ್ಲಿ ಆದ ಸುಣ್ಣದ ಕಲ್ಲು, ಅದರಲ್ಲಿ ಕಡಲ ಜೀವಿಗಳ ಗುರುತುಗಳಿವೆ. ಸಮುದ್ರದ ತಳ 7,000 ಅಡಿ ಮೇಲಕ್ಕೆ ಬಂದು ಕೂತಿದೆ!

ಇಷ್ಟರಲ್ಲಿ ಆಗಬಾರದ್ದು ಆಗುತ್ತಿತ್ತು. ಆ ದಾರಿಗೆ ಎಲ್ಲ ಕಡೆಯೂ ಕಂಬಿಯ ಬೇಲಿ ಇಲ್ಲ. ನಾನು ಒಂದು ಕಲ್ಲನ್ನು ಸವರುತ್ತಾ ನಿಂತಿದ್ದೆ. ತಲೆ ಎತ್ತಿದರೆ ಹುಡುಗ ದಾರಿ ಬಿಟ್ಟು ಅಂಚಿನ ಬಂಡೆಯ ಮೇಲೆ ನಿಂತು, ಬೆನ್ನು ಕಣಿವೆಗೆ ಮಾಡಿ, ಫೋನು ಎತ್ತಿ ತನ್ನ ಚಿತ್ರ ತೆಗೆದುಕೊಳ್ಳುತ್ತಿದ್ದಾನೆ. ಚಿತ್ರದಲ್ಲಿ ಇನ್ನಷ್ಟು ಕಣಿವೆ ಬರಲೆಂದು ಒಂದು ಹೆಜ್ಜೆ ಹಿಂದಕ್ಕೆ ಇಟ್ಟ.

"ಪುಟ್ಟ! ಅಲ್ಲೇ ಕೂತ್ಕೋ! ಕೂತ್ಕೋ ಅಂದೆ!"

ನನ್ನ ಗಂಟಲಲ್ಲಿ ಅಷ್ಟು ದನಿ ಇದೆಯೆಂದು ನನಗೇ ಗೊತ್ತಿರಲಿಲ್ಲ. ಅವನು ಅಲ್ಲೇ ಕುಕ್ಕರಿಸಿದ. ನಾನು ಹತ್ತಿರ ಹೋಗಿ ಅಂಗಿ ಹಿಡಿದು ದಾರಿಗೆ ಎಳೆದುಕೊಂಡೆ. ಇಬ್ಬರೂ ಒಂದು ಬೆಂಚಿನ ಮೇಲೆ ಕೂತೆವು. ನನ್ನ ಕೈ ನಡುಗುತ್ತಿತ್ತು. ಅವನ ಕೈಯೂ.

"ಸಾರಿ ತಾತ" ಅಂದ. ಸ್ವಲ್ಪ ಹೊತ್ತು ಬಿಟ್ಟು, "ಅಮ್ಮಂಗೆ ಹೇಳ್ಬೇಡ" ಅಂದ. ಅಚ್ಚ ತುಮಕೂರಿನ ಕನ್ನಡ! ಮರೆತಿರಲಿಲ್ಲ. ಆಡಲು ನಾಚಿಕೆ, ತಪ್ಪಾದರೆ ನಗುತ್ತಾರೆಂದು. "ಹೇಳ್ತೀನಿ, ಆದರೆ ಇವತ್ತಲ್ಲ" ಅಂದೆ. ಸುಳ್ಳು ಹೇಳಲು ನನಗೆ ಇಷ್ಟವಿರಲಿಲ್ಲ.

ಮತ್ತೆ ನಡೆದೆವು. ಈ ಬಾರಿ ಅವನು ನನ್ನ ಕೈ ಹಿಡಿದಿದ್ದ. ಕಣಿವೆಯ ನಡುವೆ ಗೋಪುರದಂತೆ ನಿಂತ ಶಿಖರಗಳ ಹೆಸರು ಓದಿ ಹೇಳಿದ. ವಿಷ್ಣು ದೇವಾಲಯ, ಶಿವ ದೇವಾಲಯ, ಬ್ರಹ್ಮ ದೇವಾಲಯ! ನನ್ನ ಕಿವಿಯನ್ನೇ ನಂಬಲಿಲ್ಲ. 1880ರ ಸುಮಾರಿಗೆ ಇಲ್ಲಿ ಸಮೀಕ್ಷೆ ಮಾಡಿದ ಕ್ಲಾರೆನ್ಸ್ ಡಟನ್ ಎಂಬ ಭೂವಿಜ್ಞಾನಿಗೆ ಈ ಶಿಖರಗಳು ಪೂರ್ವದೇಶಗಳ ಗುಡಿಗಳಂತೆ ಕಂಡು, ಇಂಥ ಹೆಸರಿಡುವ ರೂಢಿ ಬಂತಂತೆ. ಕಣಿವೆಯ ತಳದ ಕಪ್ಪು ಕಲ್ಲಿಗೂ 'ವಿಷ್ಣು ಶಿಸ್ಟ್' ಎಂದೇ ಹೆಸರು. ಅದಕ್ಕೆ ಸುಮಾರು 175 ಕೋಟಿ ವರ್ಷ. "ಅಜ್ಜಿ ಇದ್ದಿದ್ದರೆ ವಿಷ್ಣು ಮಲಗೋದು ತಳದಲ್ಲೇ ತಾನೇ ಅಂತಿದ್ದಳು" ಅಂದೆ. ಅವನು ನಕ್ಕ.

ಐನೂರು ಮೀಟರ್ ದಾಟಿದ ಮೇಲೆ ಒಂದು ವಿಚಿತ್ರ ತಿಳಿಯಿತು. ಕಣಿವೆಯ ಗೋಡೆಯಲ್ಲಿ ಸುಮಾರು 50 ಕೋಟಿ ವರ್ಷದ ಮರಳುಗಲ್ಲು ಇದೆ. ಅನೇಕ ಕಡೆ ಅದರ ಕೆಳಗೆ ನೇರವಾಗಿ 175 ಕೋಟಿ ವರ್ಷದ ವಿಷ್ಣು ಶಿಲೆ. ನಡುವಿನ ಸುಮಾರು 120 ಕೋಟಿ ವರ್ಷ ಎಲ್ಲಿ? ಕೆಲವು ಕಡೆ ನಡುವಿನ ಕಾಲದ ಪದರಗಳು ಓರೆಯಾಗಿ ಉಳಿದಿವೆ. ಉಳಿದಲ್ಲಿ ಇಲ್ಲವೇ ಇಲ್ಲ. ಹೊಸ ಪದರ ಬಂದು ಕೂರುವ ಮೊದಲೇ ಹಳೆಯವು ಸವೆದು ತೊಳೆದು ಹೋದವು.

"ಪೇಜು ಹರಿದುಹೋಗಿದೆ" ಅಂದ ಮೊಮ್ಮಗ.

ನನಗೆ ಬ್ಯಾಂಕಿನ ಅರ್ಧವಾರ್ಷಿಕ ಲೆಕ್ಕದ ರಾತ್ರಿಗಳು ನೆನಪಾದವು. ಕಂಪ್ಯೂಟರ್ ಇಲ್ಲದ ಕಾಲ. ಲೆಡ್ಜರು ತಾಳೆಯಾಗದೆ ನಡುರಾತ್ರಿಯವರೆಗೆ ಕೂತಿರುತ್ತಿದ್ದೆವು. ಹೊಸದರಲ್ಲಿ ನಾನೊಮ್ಮೆ, ವ್ಯತ್ಯಾಸಕ್ಕೆ ಸರಿಹೊಂದುವ ಒಂದು ಅಂಕಿ ಬರೆದುಬಿಡೋಣವೇ ಅಂದಿದ್ದೆ. ಹಿರಿಯ ಅಕೌಂಟೆಂಟರು ಪೆನ್ನು ಕಿತ್ತುಕೊಂಡರು. "ಊಹೆ ಮಾಡಿ ಬರೀಬಾರದು. ಸಿಗದ್ದನ್ನು ಸಸ್ಪೆನ್ಸ್ ಖಾತೆಗೆ ಹಾಕು, ಹುಡುಕ್ತಾ ಇರು" ಅಂದರು. ಇದನ್ನು ಹುಡುಗನಿಗೆ ಹೇಳಿದೆ. ವಿಜ್ಞಾನಿಗಳೂ ಈ 120 ಕೋಟಿ ವರ್ಷವನ್ನು ಊಹೆಯಿಂದ ತುಂಬಿಲ್ಲ, ಬೇರೆ ಬೇರೆ ಕಡೆಯ ಬಂಡೆಗಳಲ್ಲಿ ಹುಡುಕುತ್ತಲೇ ಇದ್ದಾರೆ ಅಂದೆ.

ಅವನು ಸ್ವಲ್ಪ ಯೋಚಿಸಿ ಕೇಳಿದ: "ತಾತ, ಅಜ್ಜಿ ಕೊನೆಗೆ ನನ್ನ ಕೇಳಿದ್ಲಾ?"

ಆರು ವರ್ಷದ ಪುಟಗಳು ನಮ್ಮಿಬ್ಬರ ನಡುವೆಯೂ ಇರಲಿಲ್ಲ. ಗೊತ್ತಿದ್ದದ್ದನ್ನು ಹೇಳಿದೆ. ಅವನು ಐದು ವರ್ಷದವನಿದ್ದಾಗ ಬಿಟ್ಟುಹೋಗಿದ್ದ ಕೆಂಪು ಚಪ್ಪಲಿಯನ್ನು ಅವಳು ಪ್ರತಿ ಶುಕ್ರವಾರ ಒರೆಸಿ ಇಡುತ್ತಿದ್ದಳು. ಅವನು ಪೋನಿನಲ್ಲಿ "ಓಕೆ ಅಜ್ಜಿ" ಅಂದರೆ ಅದನ್ನೇ ಪಕ್ಕದ ಮನೆಯವರಿಗೆ ಹೇಳುತ್ತಿದ್ದಳು. ಕೊನೆಯ ದಿನಗಳಲ್ಲಿ ಅವಳಿಗೆ ಮಾತು ನಿಂತಿತ್ತು. ಆಗ ಯಾರನ್ನು ನೆನೆದಳೋ ನನಗೆ ಗೊತ್ತಿಲ್ಲ ಎಂದೂ ಹೇಳಿದೆ. ಮೊಮ್ಮಗನಿಗೆ ಸಮಾಧಾನವಾಗಲೆಂದು ಒಂದು ಮಾತು ಸೇರಿಸಬಹುದಿತ್ತು. ಸೇರಿಸಲಿಲ್ಲ. ಅವನು ನನ್ನ ಕೈ ಬಿಡಲಿಲ್ಲ.

1840ನೇ ಮೀಟರಿನಲ್ಲಿ ಕಣಿವೆಯ ಅತಿ ಹಳೆಯ ಕಲ್ಲು ನಿಂತಿದೆ. 184 ಕೋಟಿ ವರ್ಷ. ಅದರ ಮೇಲೆ ಕೈಯಿಟ್ಟಾಗ ನನಗೆ ಬೇರೊಂದು ಬಂಡೆ ನೆನಪಾಯಿತು. 1972ರಲ್ಲಿ ಬ್ಯಾಂಕಿನ ಪರೀಕ್ಷೆ ಬರೆದು, ಪಾಸಾಗುವ ನಂಬಿಕೆಯಿಲ್ಲದೆ, ಬೆಂಗಳೂರಿನ ಲಾಲ್‌ಬಾಗಿನ ಬಂಡೆಯ ಮೇಲೆ ಕೂತು ಕಡಲೆಕಾಯಿ ತಿಂದಿದ್ದೆ. "ಪುಟ್ಟ, ಆ ಬಂಡೆ ಇದಕ್ಕಿಂತ ಹಳೇದು. ಮುನ್ನೂರು ಕೋಟಿ ವರ್ಷ ಅಂತ ಅಲ್ಲೇ ಫಲಕ ಹಾಕಿದ್ದಾರೆ" ಅಂದೆ. ಅವನು ನಂಬಲಿಲ್ಲ. "ತೋರಿಸು" ಅಂದ. "ಬಾ, ತೋರಿಸ್ತೀನಿ" ಅಂದೆ.

ಈ ಜೂನಿನಲ್ಲಿ ರಜೆಗೆ ಬಂದ. ಬಂದ ಮೂರನೇ ದಿನವೇ ಲಾಲ್‌ಬಾಗಿಗೆ ಹೋದೆವು. ಫಲಕ ಓದಿದ. ಬೆಟ್ಟದ ಮೇಲಿನ ಕೆಂಪೇಗೌಡ ಗೋಪುರದ ಹತ್ತಿರ ಕೂತು, ಕಾಲದ ದಾರಿಯಲ್ಲಿ ಈ ಬಂಡೆಗೆ ಮೂರು ಕಿಲೋಮೀಟರ್ ನಡೆಯಬೇಕೆಂದು ಲೆಕ್ಕ ಹಾಕಿದ. ಪಕ್ಕದಲ್ಲಿ ಕೂತಿದ್ದ ಇಬ್ಬರು ಹುಡುಗರಿಗೆ ಅದನ್ನು ತಪ್ಪುತಪ್ಪು ಕನ್ನಡದಲ್ಲಿ ವಿವರಿಸಿದ. ಅವರು ನಗಲಿಲ್ಲ. "ಮುನ್ನೂರು ಕೋಟಿನಾ!" ಎಂದು ತಾವು ಕೂತಿದ್ದ ಬಂಡೆಯನ್ನು ಮುಟ್ಟಿ ನೋಡಿದರು.

ನಾನು ಕಡಲೆಕಾಯಿ ಪೊಟ್ಟಣ ಬಿಚ್ಚಿದೆ. ನಾಲ್ವರೂ ತಿಂದೆವು. ಸಿಪ್ಪೆಯನ್ನು ಬಂಡೆಯ ಮೇಲೆ ಬಿಡದೆ ಪೊಟ್ಟಣಕ್ಕೇ ತುಂಬಿದವನು ಮೊಮ್ಮಗ.