ಸೊನ್ನೆಗಿಂತ ಕೆಳಗೆ

ಕಚ್ಚಾ ತೈಲದ ಬೆಲೆ ಅಂದರೆ ಬರೀ ಸಟ್ಟಾ ಎಂದು ನಾನು ತೀರ್ಮಾನಿಸಿದ್ದು 2008ರಲ್ಲಿ. ಜುಲೈಯಲ್ಲಿ ಬ್ಯಾರೆಲ್‌ಗೆ 147 ಡಾಲರ್ ಮುಟ್ಟಿದ್ದು ಡಿಸೆಂಬರ್ ಹೊತ್ತಿಗೆ 35ಕ್ಕಿಂತ ಕೆಳಗಿತ್ತು. ಅಷ್ಟರಲ್ಲಿ ನೆಲದೊಳಗಿನ ಎಣ್ಣೆಯೇನು ನಾಲ್ಕು ಪಟ್ಟಾಯಿತೇ? ಜಾಗತಿಕ ತಾಪಮಾನದ ಮಾತೂ ನನಗೆ ಅದೇ ಅಂಗಡಿಯ ಸರಕಾಗಿ ಕಂಡಿತ್ತು: ಮೊದಲು ಹೆದರಿಸು, ಆಮೇಲೆ ಮಾರು. ‘ನಾಳೆ ಮಳೆ ಬರುತ್ತೋ ಇಲ್ಲವೋ ಹೇಳೋಕಾಗಲ್ಲ, ನೂರು ವರ್ಷದ್ದು ಹೇಳ್ತಾರೆ’ ಅನ್ನುತ್ತಿದ್ದೆ. ಕೇಳಿದವರು ನಗುತ್ತಿದ್ದರು, ಆ ನಗುವೇ ನನಗೆ ಪುರಾವೆ.

2020ರ ಏಪ್ರಿಲ್ 20, ಸೋಮವಾರ. ಲಾಕ್‌ಡೌನ್ ಕಾರಣಕ್ಕೆ ನಮ್ಮಲ್ಲಿ ಕಮಾಡಿಟಿ ವಹಿವಾಟು ಸಂಜೆ 5ಕ್ಕೇ ಮುಗಿಯುತ್ತಿತ್ತು. ಕಚ್ಚಾ ತೈಲದ ಏಪ್ರಿಲ್ ಕರಾರಿಗೆ ಅದೇ ಕೊನೆಯ ದಿನ. ಬೆಲೆ ಬ್ಯಾರೆಲ್‌ಗೆ ಸಾವಿರ ರೂಪಾಯಿಗೆ ಕುಸಿದಾಗ ಒಂದು ಲಾಟ್, ಅಂದರೆ 100 ಬ್ಯಾರೆಲ್, ಕೊಂಡೆ. ಸಟ್ಟಾದವರು ಬೀಳಿಸಿದ್ದಾರೆ, ಅವರೇ ಎತ್ತುತ್ತಾರೆ ಎಂಬುದು ಲೆಕ್ಕ. ಎತ್ತದಿದ್ದರೂ ಸೊನ್ನೆಗಿಂತ ಕೆಳಗೆ ಎಲ್ಲಿಗೆ ಹೋದೀತು?

ಮರುದಿನ ಬ್ರೋಕರ್ ಕಚೇರಿಯ ಹುಡುಗ ಫೋನ್ ಮಾಡಿ, ‘ಸರ್, ಮೈನಸ್’ ಅಂದ. ನಷ್ಟದಲ್ಲಿದೆ ಅಂತಿರಬೇಕು ಅಂದುಕೊಂಡೆ. ಅಲ್ಲ, ಬೆಲೆಯೇ ಮೈನಸ್. ನಮ್ಮ ರಾತ್ರಿಯ ಹೊತ್ತಿಗೆ ಅಮೆರಿಕದಲ್ಲಿ ಮೇ ಕರಾರು ಮೈನಸ್ 37.63 ಡಾಲರ್‌ಗೆ ಮುಗಿದಿತ್ತು. ನಮ್ಮ ಕರಾರು ಅದಕ್ಕೇ ಕಟ್ಟುಬಿದ್ದಿದ್ದರಿಂದ ಇಲ್ಲಿ ಮೈನಸ್ 2,884 ರೂಪಾಯಿ. ಕೊಟ್ಟ ಸಾವಿರ ಹೋಯಿತು, ಮೇಲೆ ಇದನ್ನೂ ಕಟ್ಟಬೇಕು. ಒಂದು ಲಾಟ್‌ಗೆ 3 ಲಕ್ಷ 88 ಸಾವಿರ. ಹೆಂಡತಿಗೆ ಹೇಳುವಾಗ ಮೊದಲು ಅರ್ಧವನ್ನಷ್ಟೇ ಹೇಳಿದೆ.

ಆಮೇಲೆ ಕೂತು ಓದಿದೆ. ಅಮೆರಿಕದ ಆ ಕರಾರನ್ನು ಕೊನೆಯವರೆಗೆ ಇಟ್ಟುಕೊಂಡವನು ಒಕ್ಲಹೋಮಾದ ಕುಶಿಂಗ್ ಎಂಬ ಊರಿನಲ್ಲಿ ನಿಜವಾದ ಎಣ್ಣೆಯನ್ನೇ ಎತ್ತಿಕೊಳ್ಳಬೇಕು. ಲೋಕವೆಲ್ಲ ಮನೆಯೊಳಗಿತ್ತು, ಬಾವಿಗಳು ಮಾತ್ರ ನಿಂತಿರಲಿಲ್ಲ. ಅಲ್ಲಿನ ಟ್ಯಾಂಕ್‌ಗಳಲ್ಲಿ ಉಳಿದಿದ್ದ ಜಾಗವೂ ಬೇರೆಯವರ ಹೆಸರಿನಲ್ಲಿ ಬುಕ್ ಆಗಿತ್ತು. ಜಾಗವಿಲ್ಲದವನು ದುಡ್ಡು ಕೊಟ್ಟಾದರೂ ಎಣ್ಣೆ ದಾಟಿಸಲೇಬೇಕಿತ್ತು.

ಅದೇ ದಿನಗಳಲ್ಲಿ ನನ್ನ ಹತ್ತಿರ ಇನ್ನೊಂದು ವಾದ ಸಿದ್ಧವಿತ್ತು. ಗಾಡಿ, ವಿಮಾನ, ಕಾರ್ಖಾನೆ ಎಲ್ಲ ನಿಂತವು. ಹವಾಯಿಯ ಮೌನಾ ಲೋವಾದಲ್ಲಿ ಅಳೆಯುವ ಇಂಗಾಲದ ಡೈಆಕ್ಸೈಡ್ ಮಾತ್ರ ಇಳಿಯಲಿಲ್ಲ, ಮೇ ತಿಂಗಳಲ್ಲಿ ಹತ್ತು ಲಕ್ಷಕ್ಕೆ 417 ಭಾಗ ಮುಟ್ಟಿ ದಾಖಲೆಯಾಯಿತು. ನೋಡಿ, ಮನುಷ್ಯನಿಗೂ ಇದಕ್ಕೂ ಸಂಬಂಧವಿಲ್ಲ! ಆದರೆ ಕುಶಿಂಗ್ ಬಗ್ಗೆ ಓದಿಕೊಂಡ ಮೇಲೆ ಅದನ್ನು ಆಡಲು ನಾಲಿಗೆ ಏಳಲಿಲ್ಲ. ಆ ವರ್ಷ ಹೊಗೆ ಕಡಿಮೆಯಾದದ್ದು ನೂರಕ್ಕೆ ಐದರಷ್ಟು. ಮಿಕ್ಕ ತೊಂಬತ್ತೈದು ಮೇಲಕ್ಕೆ ಹೋಗುತ್ತಲೇ ಇತ್ತು. ಸಮುದ್ರವೂ ಕಾಡೂ ಹೀರಿಕೊಳ್ಳುವುದು ಅರ್ಧದಷ್ಟು, ಉಳಿದದ್ದು ಆಕಾಶದಲ್ಲೇ ಶೇಖರ. 1958ರಲ್ಲಿ ವಿಜ್ಞಾನಿ ಚಾರ್ಲ್ಸ್ ಕೀಲಿಂಗ್ ಮೌನಾ ಲೋವಾದಲ್ಲಿ ಅಳತೆ ಶುರುಮಾಡಿದಾಗ ಅದು 315ರ ಆಸುಪಾಸಿನಲ್ಲಿತ್ತು. ನಾನು ಎರಡೂ ಕಡೆ ನಲ್ಲಿಯನ್ನೇ ನೋಡಿದ್ದೆ, ಟ್ಯಾಂಕ್ ನೋಡಿರಲಿಲ್ಲ.

ಸಟ್ಟಾ ಇಲ್ಲವೇ ಇಲ್ಲ ಎಂದು ಈಗಲೂ ಒಪ್ಪಲಾರೆ. ಕಾರ್ಬನ್ ಕ್ರೆಡಿಟ್ ಕಾಗದ ಕೊಂಡು, ವಿಮಾನದ ಹೊಗೆಯ ಲೆಕ್ಕ ಚುಕ್ತಾ ಆಯಿತು ಅನ್ನುವವರ ಮೇಲೆ ಅನುಮಾನವೂ ಹೋಗಿಲ್ಲ. ಕೇಳುವ ಪ್ರಶ್ನೆ ಮಾತ್ರ ಬದಲಾಗಿದೆ: ಟ್ಯಾಂಕಿನಿಂದ ಎಷ್ಟು ತೆಗೆದಿರಿ, ಸ್ವಾಮಿ?