ಆಂಟಿವೈರಸ್ ಆಫ್ ಮಾಡದೆ ಪಾಠ ಮಾಡಿದ್ದು

ನಮ್ಮ ಪಾಠ ಯೋಜನೆಯ ನಮೂನೆಯಲ್ಲಿ ಬೋಧನೋಪಕರಣಗಳಿಗೆ ಒಂದು ಅಂಕಣವಿದೆ. ‘ಕಂಪ್ಯೂಟರ್, ಅಂತರ್ಜಾಲ’ ಎಂದು ಬರೆದರೆ ಮುಗಿಯಿತು. ಚಾರ್ಟ್ ಹರಿದರೆ ಕಪ್ಪುಹಲಗೆ ಇದೆ; ಕಂಪ್ಯೂಟರ್ ಹಟ ಹಿಡಿದರೆ ಏನು ಮಾಡಬೇಕೆಂದು ಬರೆಯಲು ಅಂಕಣವಿಲ್ಲ. ನಾನು ಬೋಧನಾಭ್ಯಾಸಕ್ಕೆ ಹೋದ ಪ್ರೌಢಶಾಲೆಯಲ್ಲಿ ಅದನ್ನು ಗೋಡೆಗೇ ಅಂಟಿಸಿದ್ದರು: ‘1. ಆಂಟಿವೈರಸ್ ಆಫ್ ಮಾಡಿ. 2. ಬ್ರೌಸರ್ ತೆರೆಯಿರಿ. 3. ಎಚ್ಚರಿಕೆ ಬಂದರೆ ಮುಂದುವರಿಯಿರಿ ಎಂದು ಒತ್ತಿ.’

ಎಂಟನೇ ತರಗತಿಯ ಮಕ್ಕಳಿಗೆ ಇದು ಮಗ್ಗಿಯಷ್ಟು ಬಾಯಿಪಾಠ. ಮಾರ್ಗದರ್ಶಿ ಶಿಕ್ಷಕಿಯವರನ್ನು ಕೇಳಿದೆ. “40 ನಿಮಿಷದ ಅವಧಿ, ಅದರಲ್ಲಿ ಕಾಲು ಗಂಟೆ ಇದಕ್ಕೇ ಹೋದ್ರೆ ಪಾಠ ಮುಗಿಸೋದು ಯಾವಾಗಮ್ಮ?” ಎಂದರು. ಅವರ ಮಾತು ಸುಳ್ಳಲ್ಲ. ಎಂಟು ಯಂತ್ರ, ನಲವತ್ತಕ್ಕೂ ಹೆಚ್ಚು ಮಕ್ಕಳು, ಕಂಪ್ಯೂಟರ್ ಶಿಕ್ಷಕರ ಹುದ್ದೆಯೇ ಇಲ್ಲ.

ಜೀವಕೋಶದ ಪಾಠದ ದಿನ ಒಬ್ಬ ಹುಡುಗಿ ಎದ್ದು ನಿಂತು ಕೇಳಿದಳು: “ಮಿಸ್, ನಮ್ಮಪ್ಪನ ಅಂಗಡಿ ಕಂಪ್ಯೂಟರಲ್ಲೂ ಹಿಂಗೇ ಕೆಂಪು ಬಂತು. ನಾನೇ ಆಂಟಿವೈರಸ್ ಆಫ್ ಮಾಡಿಕೊಟ್ಟೆ. ಸರಿ ತಾನೆ?” ಅವಳ ಅಪ್ಪ ಊರಿನವರಿಗೆ ಅರ್ಜಿ ತುಂಬಿಕೊಡುವವರು. ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ ಎಲ್ಲವೂ ಆ ಯಂತ್ರದ ಮೂಲಕವೇ ಹೋಗುತ್ತವೆ. ನಾವು ಜೀವಕೋಶ ಕಲಿಸುತ್ತಿದ್ದೆವು, ಅವಳು ಗೋಡೆಯ ಚಾರ್ಟನ್ನೂ ಕಲಿತಿದ್ದಳು. “ನಾಳೆ ಹೇಳ್ತೀನಿ, ಅಲ್ಲಿವರೆಗೆ ಅದನ್ನ ಆನ್ ಮಾಡಿಡು” ಎಂದೆ.

ಆ ಶನಿವಾರ ಮಧ್ಯಾಹ್ನ ಮೇಡಂ ಅವರ ಅನುಮತಿ ಕೇಳಿ, ಆರು ಮಕ್ಕಳನ್ನು ಕೂರಿಸಿಕೊಂಡು ಕೊಠಡಿ ತೆರೆದೆ. ವಿಜ್ಞಾನದ ಪ್ರಯೋಗದಲ್ಲಿ ಹೇಳುವ ಮಾತನ್ನೇ ಇಲ್ಲಿಯೂ ನಿಯಮ ಮಾಡಿದೆ: ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು, ಆದದ್ದನ್ನು ಬರೆಯಬೇಕು. ಮೊದಲು ಅದೇ ಯಂತ್ರ, ಅದೇ ಪುಟ, ಬೇರೆ ಬ್ರೌಸರ್. ಪುಟ ತೆರೆಯಿತು! ಅಲ್ಲಿಗೆ ಇಂಟರ್‌ನೆಟ್ ಮೇಲಿನ ಆರೋಪ ಬಿದ್ದುಹೋಯಿತು. ಆಮೇಲೆ ಪುಟ ತೆರೆದ ಆ ಬ್ರೌಸರಿನಲ್ಲೇ ವಿಳಾಸದ ಪಕ್ಕದ ಗುರುತನ್ನು ಒತ್ತಿ ಪ್ರಮಾಣಪತ್ರ ನೋಡಿದೆವು. ಕೊಟ್ಟವರು ಯಾರು ಎಂಬಲ್ಲಿ ಪ್ರಮಾಣಪತ್ರ ಕೊಡುವ ಸಂಸ್ಥೆಯ ಹೆಸರಿರಬೇಕಿತ್ತು. ಇದ್ದದ್ದು ಆಂಟಿವೈರಸ್ಸಿನ ಹೆಸರು.

ಇದನ್ನು ವಿವರಿಸಲು ನನಗೆ ಸಿಕ್ಕಿದ್ದು ಎಸ್ಸೆಸ್ಸೆಲ್ಸಿ ಪ್ರಶ್ನೆಪತ್ರಿಕೆಯ ಮೊಹರು ಹಾಕಿದ ಲಕೋಟೆ. ಎಚ್‌ಟಿಟಿಪಿಎಸ್ ಪುಟ ಅಂಥ ಲಕೋಟೆಯಲ್ಲಿ ಬರುತ್ತದೆ. ಒಳಗೆ ವೈರಸ್ ಇದೆಯೇ ಎಂದು ಆಂಟಿವೈರಸ್ ನೋಡಬೇಕಾದರೆ ದಾರಿಯಲ್ಲೇ ಲಕೋಟೆ ಬಿಚ್ಚಿ, ಓದಿ, ತನ್ನ ಮೊಹರು ಹಾಕಿ ಕಳಿಸಬೇಕು. ತನ್ನ ಮೊಹರನ್ನು ನಂಬುವಂತೆ ವಿಂಡೋಸ್‌ನ ಪಟ್ಟಿಯಲ್ಲಿ ಅದು ಮೊದಲೇ ಹೆಸರು ಸೇರಿಸಿರುತ್ತದೆ. ಕ್ರೋಮ್ ಹಾಗೆ ಸೇರಿಸಿದ್ದನ್ನು ಒಪ್ಪುತ್ತದೆ. ಫೈರ್‌ಫಾಕ್ಸ್ ತನ್ನದೇ ಪಟ್ಟಿ ಇಟ್ಟುಕೊಂಡಿದೆ. ಅದರಲ್ಲಿ ಇಲ್ಲದ ಮೊಹರು ಬಂದರೆ ಬಾಗಿಲು ಹಾಕುತ್ತದೆ. 2019ರ 68ನೇ ಆವೃತ್ತಿಯಿಂದ ಇಂಥ ಸಂದರ್ಭದಲ್ಲಿ ವಿಂಡೋಸ್‌ನ ಪಟ್ಟಿಯನ್ನೂ ನೋಡುವ ಏರ್ಪಾಟು ಅದರಲ್ಲಿ ಬಂದಿದೆ. ನಮ್ಮ ಕೊಠಡಿಯಲ್ಲಿದ್ದದ್ದು ಅದಕ್ಕೂ ಹಳೆಯದು.

“ಹಂಗಾದ್ರೆ ಕಳ್ಳನೂ ಇದೇ ಥರ ಬಿಚ್ಚಬಹುದಲ್ವಾ ಮಿಸ್?” ಎಂದ ಒಬ್ಬ. ಬಿಚ್ಚಬಹುದು. ಎಚ್ಚರಿಕೆಯ ಪುಟ ಇರುವುದೇ ಅದಕ್ಕೆ. ಬಿಚ್ಚಿದವರು ಮನೆಯವರೋ ಕಳ್ಳರೋ ಎಂದು ಬ್ರೌಸರಿಗೆ ಗೊತ್ತಾಗುವುದಿಲ್ಲ, ನಾವು ನೋಡಿ ತಿಳಿಯಬೇಕು. ಈ ಪ್ರಶ್ನೆ ಪಾಠ ಯೋಜನೆಯಲ್ಲಿ ಬರೆದುಕೊಂಡು ಹೋದರೆ ಹುಟ್ಟುವಂಥದ್ದಲ್ಲ.

ಮುಂದಿನದು ಸರಳ. ಬ್ರೌಸರ್, ಆಂಟಿವೈರಸ್ ಎರಡನ್ನೂ ಹೊಸ ಆವೃತ್ತಿಗೆ ತಂದೆವು. ಒಂದು ಯಂತ್ರ ಅದಕ್ಕೂ ಬಗ್ಗಲಿಲ್ಲ. ಅಲ್ಲಿ ಆಂಟಿವೈರಸ್ಸಿನ ಎಚ್‌ಟಿಟಿಪಿಎಸ್ ತಪಾಸಣೆ ಎಂಬ ಒಂದು ಭಾಗವನ್ನಷ್ಟೇ ನಿಲ್ಲಿಸಿ, ಬ್ರೌಸರ್ ಮುಚ್ಚಿ, ಮತ್ತೆ ಆನ್ ಮಾಡಿದಾಗ ಸರಿಹೋಯಿತು. ಕಾವಲುಗಾರನನ್ನೇ ಮನೆಗೆ ಕಳಿಸುವ ಅಗತ್ಯ ಎಲ್ಲೂ ಬೀಳಲಿಲ್ಲ.

ಆದರೆ ಎರಡು ಯಂತ್ರಗಳಲ್ಲಿ ಎಚ್ಚರಿಕೆ ಹೋಗಲೇ ಇಲ್ಲ, ಯಾವ ಬ್ರೌಸರಿನಲ್ಲೂ. ನಾನು ಪ್ರಮಾಣಪತ್ರ ನೋಡುತ್ತಿದ್ದಾಗ ಹಿಂದೆ ಕೂತಿದ್ದ ಹುಡುಗ ಮೆಲ್ಲಗೆ ಅಂದ: “ಮಿಸ್, ಇದಕ್ಕೆ ದಿನಾ ಬೆಳಿಗ್ಗೆ 2012.” ಮೂಲೆಯ ಗಡಿಯಾರ ನೋಡಿದರೆ ಹೌದು! ಮದರ್‌ಬೋರ್ಡಿನ ಬಿಲ್ಲೆ ಸೆಲ್ ಸತ್ತಿತ್ತು, ರಾತ್ರಿ ಮೇನ್ ಆಫ್ ಮಾಡಿದೊಡನೆ ತಾರೀಖು ಹಿಂದಕ್ಕೆ ಓಡುತ್ತಿತ್ತು. ಪ್ರತಿ ಪ್ರಮಾಣಪತ್ರಕ್ಕೂ ಆರಂಭದ ದಿನ, ಮುಗಿಯುವ ದಿನ ಇರುತ್ತವೆ. 2012ರಲ್ಲಿ ಕೂತ ಯಂತ್ರದ ಲೆಕ್ಕದಲ್ಲಿ ಇಂದಿನ ಪ್ರಮಾಣಪತ್ರ ಇನ್ನೂ ಹುಟ್ಟೇ ಇಲ್ಲ. ಆಂಟಿವೈರಸ್ ಆಫ್ ಮಾಡಿದರೂ ಈ ಎರಡರಲ್ಲಿ ಎಚ್ಚರಿಕೆ ಉಳಿಯುತ್ತಿದ್ದುದರಿಂದಲೇ ಚಾರ್ಟಿನಲ್ಲಿ ಮೂರನೆಯ ಸಾಲು ಸೇರಿತ್ತು ಎಂಬುದು ಆಗ ಅರ್ಥವಾಯಿತು. ಗಡಿಯಾರದ ಅಂಗಡಿಯಿಂದ ಎರಡು ಸಿಆರ್2032 ಸೆಲ್ ತಂದು, ಕರೆಂಟ್ ತೆಗೆದು, ಬದಲಿಸಿ ತಾರೀಖು ಸರಿ ಮಾಡಿದೆವು.

ಆ ಮೂರು ಗಂಟೆಯ ಕೆಲಸಕ್ಕೆ ವೀಕ್ಷಣಾ ಪುಸ್ತಕದಲ್ಲಿ ಅಂಕವಿಲ್ಲ. ಇರಬೇಕೆಂಬುದು ನನ್ನ ಅಭಿಪ್ರಾಯ. ಉಪಕರಣ ಕೈಕೊಟ್ಟಾಗ ಪ್ರಶಿಕ್ಷಣಾರ್ಥಿ ಮಕ್ಕಳೆದುರು ಏನು ಮಾಡಿದರು ಎಂಬುದನ್ನೂ ನೋಡಬೇಕು. ತೆರೆದ ಪುಟದ ಮೇಲಿನ ಪ್ರಶ್ನೋತ್ತರವಷ್ಟೇ ಸಾಲದು.

ಸೋಮವಾರ ಮೇಡಂ ಬಂದು ಎಂಟೂ ಯಂತ್ರಗಳನ್ನು ತಾವೇ ಹಾಕಿ ನೋಡಿದರು. ಏನೂ ಹೇಳದೆ ಚಾರ್ಟ್ ಕಿತ್ತರು. “ಹೊಸದನ್ನ ನೀವು ಬರೀಬೇಡಿ, ಮಕ್ಕಳ ಕೈಲಿ ಬರೆಸಿ” ಎಂದರು. ಮಕ್ಕಳು ಬರೆದ ಮೊದಲ ಸಾಲು ‘ತಾರೀಖು ನೋಡಿ’, ಎರಡನೆಯದು ‘ಎಚ್ಚರಿಕೆಯನ್ನು ಪೂರ್ತಿ ಓದಿ’. ಅಂಗಡಿಯವರ ಮಗಳು ಅದನ್ನು ತನ್ನ ನೋಟ್‌ಬುಕ್ಕಿನ ಹಿಂದಿನ ಹಾಳೆಗೂ ಇಳಿಸಿಕೊಂಡಳು.